ಕೆಂಪು ಸರಿಯಾಗಿಲ್ಲ

"ಬಿಡೇ!"

"ನೀನು ಬಿಡಕ್ಕ!"

"ನಾನ್ಯಾಕೆ ಬಿಡ್ಲಿ? ನೀನು ಬಿಡು!"

ಉದ್ದನೆಯ ತಗಡಿನ ಕೊಳವೆಯ ಒಂದು ತುದಿ ಅಜ್ಜಿಯ ಕೈಯಲ್ಲಿತ್ತು. ಇನ್ನೊಂದು ತುದಿ ಅಜ್ಜಿಯ ತಂಗಿ ಚಿಕ್ಕಜ್ಜಿಯ ಕೈಯಲ್ಲಿತ್ತು. ನಡುವೆ, ಕೊಳವೆಯ ಹೊಟ್ಟೆಯನ್ನು ತಬ್ಬಿಕೊಂಡು ಸೂಜಿ ನಿಂತಿದ್ದಳು. ಅವಳು ಯಾರ ಪಕ್ಷವೂ ಅಲ್ಲ. ಬಿಸ್ಕತ್ತಿನ ಡಬ್ಬಿ ಹುಡುಕಿಕೊಂಡು ಆ ಕಡೆಯಿಂದ ಈ ಕಡೆ ಹೋಗುತ್ತಿದ್ದವಳು ನಡುವೆ ಸಿಕ್ಕಿಬಿದ್ದಿದ್ದಳು, ಅಷ್ಟೇ.

ಸೂಜಿಗೆ ಬೇರೆ ಹೆಸರೂ ಇದೆ. ಅದು ಸ್ಕೂಲಿನಲ್ಲಿ ಹಾಜರಿ ಕರೆಯುವಾಗ ಮಾತ್ರ ಕೇಳಿಸುತ್ತದೆ. ಮನೆಯಲ್ಲಿ ಎಲ್ಲರನ್ನೂ ಚುಚ್ಚಿ ಚುಚ್ಚಿ ಮಾತಾಡುವುದರಿಂದ ಅವಳು ಸೂಜಿ.

"ನಮ್ಮ ಕ್ಲಾಸಲ್ಲಿ ಯಾರಾದ್ರೂ ಹೀಗೆ ಕಿತ್ತಾಡಿದ್ರೆ ಮಿಸ್ ಬೆಂಚ್ ಮೇಲೆ ನಿಲ್ಲಿಸ್ತಾರೆ," ಎಂದಳು ಸೂಜಿ.

"ಇವಳನ್ನ ನಿಲ್ಲಿಸ್ಲಿ," ಎಂದರು ಅಜ್ಜಿ, ಎಳೆಯುತ್ತಾ.

"ನಾನು ನಿಲ್ತೀನಮ್ಮ, ನನ್ನ ಮಂಡಿ ನೆಟ್ಟಗಿದೆ. ಅಕ್ಕ ಹತ್ತೋದೇ ಅನುಮಾನ," ಎಂದರು ಚಿಕ್ಕಜ್ಜಿ, ಇನ್ನೂ ಜೋರಾಗಿ ಎಳೆಯುತ್ತಾ.

ಟಪ್ಪೆಂದು ಮುಚ್ಚಳ ಕಿತ್ತುಬಂತು. ಚಿಕ್ಕಜ್ಜಿ ಮುಚ್ಚಳದ ಸಮೇತ ಸೋಫಾದ ಮೇಲೆ ಕುಕ್ಕರಿಸಿದರು. ಕೊಳವೆಯೊಳಗಿದ್ದ ಬಟ್ಟೆಯ ಸುರುಳಿ ಜಾರಿ ನೆಲಕ್ಕೆ ಬಿತ್ತು. ಅದರೊಳಗಿಂದ ಕೆಂಪು ಬಣ್ಣದ ಪುಡಿ ಉದುರಿತು.

ಇಬ್ಬರು ಅಜ್ಜಿಯರ ಬಾಯಿಯೂ ಒಟ್ಟಿಗೇ ಮುಚ್ಚಿಕೊಂಡಿತು. ಸೂಜಿ ಹುಟ್ಟಿದಂದಿನಿಂದ ಆ ಮನೆಯಲ್ಲಿ ಇಂಥದ್ದು ನಡೆದಿರಲಿಲ್ಲ.

ಕೆಳಗಡೆ ಅಮ್ಮನ ಪ್ರಿಂಟಿಂಗ್ ಅಂಗಡಿ. ಕೂಗಾಟ ಕೇಳಿದರೆ ಅಮ್ಮ ಮೇಲೆ ಬರುತ್ತಿರಲಿಲ್ಲ. ಕೂಗಾಟ ಇದ್ದಕ್ಕಿದ್ದಂತೆ ನಿಂತಿದ್ದು ಕೇಳಿಸಿ ಗಾಬರಿಯಿಂದ ಓಡಿಬಂದಳು. ನೆಲದ ಮೇಲೆ ಬಗ್ಗಿ, ಕೆಂಪು ಚೂರುಗಳನ್ನು ಒಂದು ಕಾಗದದ ಮೇಲೆ ಎತ್ತಿಕೊಂಡಳು. ಸುರುಳಿಯನ್ನು ಮೆಲ್ಲಗೆ ಬಿಡಿಸಿ ನೋಡಿದಳು.

"ಇದು ಕುದುರೆ ಬೆನ್ನು," ಎಂದಳು. "ಕುದುರೆ ಬೆನ್ನು ನೆಲಕ್ಕೆ ಉದುರಿದೆ. ಈಗ ಸಮಾಧಾನ ಆಯ್ತಾ ಇಬ್ಬರಿಗೂ?"

ಆ ಚಿತ್ರವನ್ನು ಅಜ್ಜಿ ಮತ್ತು ಚಿಕ್ಕಜ್ಜಿ ಹುಡುಗಿಯರಾಗಿದ್ದಾಗ ಸೇರಿ ಬರೆದಿದ್ದರು. ಹೇಗೆ ಬರೆಯಬೇಕೆಂದು ಅವರ ಅಮ್ಮ ಹೇಳಿಕೊಟ್ಟಿದ್ದರು, ಅವರಿಗೆ ಅವರ ಅಮ್ಮ. ಗಂಜಿ ಹಚ್ಚಿ ಒಣಗಿಸಿದ ದಪ್ಪ ಬಟ್ಟೆ. ಕಪ್ಪಿಗೆ ದೀಪದ ಮಸಿ. ಕೆಂಪಿಗೆ ಕೆಂಗಲ್ಲನ್ನು ಅರೆದು, ಅಂಟು ಬೆರೆಸಿ, ಕೈ ಬಿದ್ದುಹೋಗುವ ತನಕ ಮತ್ತೆ ಅರೆಯಬೇಕು. ನಡುವೆ ಒಂದು ಮರ, ಮರದ ತುಂಬ ಹಕ್ಕಿಗಳು. ಮರದ ಎರಡೂ ಕಡೆ ಒಂದೊಂದು ಕೆಂಪು ಕುದುರೆ. ಎಡಗಡೆಯದು ಅಜ್ಜಿ ಬರೆದಿದ್ದು, ಬಲಗಡೆಯದು ಚಿಕ್ಕಜ್ಜಿ ಬರೆದಿದ್ದು.

ಬಲಗಡೆಯ ಕುದುರೆಗೆ ಮೀಸೆ ಇತ್ತು.

ಮೀಸೆ ಎಂದರೆ ನಿಜವಾದ ಮೀಸೆಯಲ್ಲ. ಬರೆಯುವಾಗ ಯಾರದೋ ಮೊಣಕೈ ಯಾರಿಗೋ ತಾಗಿ, ಕುಂಚ ಜಾರಿ, ಕಪ್ಪು ಗೆರೆಯೊಂದು ಕುದುರೆಯ ಮೂತಿಯ ಮೇಲೆ ಅಡ್ಡ ಎಳೆದುಕೊಂಡು ಹೋಗಿತ್ತು. ಯಾರ ಮೊಣಕೈ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

"ಅಕ್ಕ ತಳ್ಳಿದ್ದು," ಎನ್ನುತ್ತಿದ್ದರು ಚಿಕ್ಕಜ್ಜಿ.

"ನನ್ನ ಮೊಣಕೈ ಇದ್ದ ಜಾಗಕ್ಕೆ ಇವಳೇ ಬಂದು ಕೂತಿದ್ದು," ಎನ್ನುತ್ತಿದ್ದರು ಅಜ್ಜಿ.

ಚಿತ್ರ ಒಂದು ವರ್ಷ ಅಕ್ಕನ ಮನೆಯಲ್ಲಿ, ಒಂದು ವರ್ಷ ತಂಗಿಯ ಮನೆಯಲ್ಲಿ ಇರುತ್ತಿತ್ತು. ಎರಡು ಮನೆಗಳ ನಡುವೆ ಬಸ್ಸಿನಲ್ಲಿ ಅರ್ಧ ದಿನದ ದಾರಿ. ಚಿತ್ರ ಯಾರ ಪಾಲಿಗೆ ಬರಬೇಕೋ ಅವರು ರಜೆಯಲ್ಲಿ ಬಂದು, ಒಂದು ವಾರ ಕೂತು, ಹೊಟ್ಟೆ ತುಂಬ ಜಗಳವಾಡಿ, ಚಿತ್ರ ಎತ್ತಿಕೊಂಡು ಹೋಗಬೇಕು. ಈ ಸಲ ಚಿಕ್ಕಜ್ಜಿಯ ಸರದಿ.

ಆ ಒಂದು ವಾರ ಮನೆ ಮನೆಯಾಗಿರುತ್ತಿರಲಿಲ್ಲ. ಟೀಗೆ ಸಕ್ಕರೆ ಹೆಚ್ಚಾಯಿತೆಂದು ಒಂದು ಜಗಳ, ಕಡಿಮೆಯಾಯಿತೆಂದು ಇನ್ನೊಂದು. ಇಬ್ಬರೂ ಸೂಜಿಯ ರೂಮಿನಲ್ಲೇ ಮಲಗುತ್ತಿದ್ದರು. ಒಬ್ಬರಿಗೆ ಫ್ಯಾನ್ ಬೇಕು, ಇನ್ನೊಬ್ಬರಿಗೆ ಬೇಡ. ನಡುವೆ ಮಲಗಿದ ಸೂಜಿಗೆ ಒಂದು ಕಿವಿಯಲ್ಲಿ ಅಕ್ಕ, ಇನ್ನೊಂದು ಕಿವಿಯಲ್ಲಿ ತಂಗಿ.

"ಈ ಚಿತ್ರ ಇನ್ನು ಹೀಗೆ ವರ್ಷ ವರ್ಷ ಬಸ್ ಹತ್ತೋ ಹಾಗಿಲ್ಲ," ಎಂದಳು ಅಮ್ಮ. "ಸುರುಳಿ ಸುತ್ತಿ ಸುತ್ತಿ ಬಣ್ಣ ಏಳ್ತಿದೆ. ಒಂದು ಪ್ರಿಂಟ್ ಮಾಡ್ತೀನಿ. ಅಸಲು ಯಾವುದು, ಪ್ರಿಂಟ್ ಯಾವುದು ಅಂತ ನಿಮಗೇ ಗೊತ್ತಾಗಬಾರದು, ಹಾಗೆ ಮಾಡ್ತೀನಿ. ಒಬ್ಬರಿಗೆ ಅದು, ಒಬ್ಬರಿಗೆ ಇದು. ಅಲ್ಲಿಗೆ ಮುಗೀತು."

ಸೂಜಿಗೆ ಕುಣಿಯುವಷ್ಟು ಖುಷಿಯಾಯಿತು. "ಹೌದಮ್ಮ, ಮುಗಿಸಿಬಿಡು! ನನಗೆ ನಿದ್ದೆ ಬೇಕು!"

*

ಫೋಟೋ ತೆಗೆಯುವುದೇ ಒಂದು ಯುದ್ಧವಾಯಿತು.

"ಸ್ಕ್ಯಾನರ್‌ಗೆ ಹಾಕಮ್ಮ, ಒಂದು ನಿಮಿಷದ ಕೆಲಸ," ಎಂದಳು ಸೂಜಿ.

"ಗಾಜು ಒತ್ತಿದ್ರೆ ಇನ್ನೊಂದು ಕುದುರೆ ಬೆನ್ನೂ ಹೋಗುತ್ತೆ," ಎಂದಳು ಅಮ್ಮ. ಚಿತ್ರವನ್ನು ಅಂಗಡಿಯ ದೊಡ್ಡ ಮೇಜಿನ ಮೇಲೆ ಹರಡಿದಳು. ಸ್ಟ್ಯಾಂಡಿಗೆ ಕ್ಯಾಮೆರಾ ಸಿಕ್ಕಿಸಿ ನೇರ ಮೇಲಿನಿಂದ ಕೆಳಗೆ ನೋಡುವಂತೆ ಮಾಡಿದಳು. ಎಡಕ್ಕೊಂದು ದೀಪ, ಬಲಕ್ಕೊಂದು ದೀಪ ಇಟ್ಟಳು.

"ಇವಳ ಕುದುರೆಗೆ ದೀಪ ಹತ್ತಿರ ಇದೆ," ಎಂದರು ಅಜ್ಜಿ ಕೂಡಲೇ.

"ಅಕ್ಕನ ಕುದುರೆಗೆ ಎಷ್ಟು ಬೆಳಕು ಬಿಟ್ರೂ ಅಷ್ಟೇ. ಅದು ಕುದುರೆಯೋ ಕತ್ತೆಯೋ ಅಂತ ನಮ್ಮಮ್ಮನಿಗೇ ಗೊತ್ತಾಗಿರಲಿಲ್ಲ."

ಅಮ್ಮ ಟೇಪ್ ಹಿಡಿದು ಎರಡೂ ದೀಪಗಳ ದೂರ ಅಳೆದು ತೋರಿಸಿದಳು. ಒಂದು ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಇಬ್ಬರಿಗೂ ಇದರಿಂದ ಬೇಜಾರಾಯಿತು.

ಚಿತ್ರದ ಪಕ್ಕ ಬಣ್ಣದ ಚೌಕಗಳಿದ್ದ ಒಂದು ಕಾರ್ಡ್ ಇಟ್ಟು ಅಮ್ಮ ಕ್ಲಿಕ್ ಮಾಡಿದಳು. "ಈ ಕಾರ್ಡಿನ ಕೆಂಪು ಹೇಗಿರಬೇಕು ಅಂತ ಕಂಪ್ಯೂಟರಿಗೆ ಗೊತ್ತು," ಎಂದು ಸೂಜಿಗೆ ಹೇಳಿದಳು. "ಕಾರ್ಡ್ ಸರಿ ಬಂದ್ರೆ ಚಿತ್ರಾನೂ ಹತ್ತಿರಕ್ಕೆ ಬರುತ್ತೆ."

ಅಷ್ಟರಲ್ಲಿ ಬ್ಯಾನರ್ ಬೇಕೆಂದು ಯಾರೋ ಗಿರಾಕಿ ಬಂದರು. ಅಮ್ಮ ಎದ್ದಳು. "ಸೂಜಿ, ಕಂಪ್ಯೂಟರಲ್ಲಿ ಧೂಳಿನ ಚುಕ್ಕೆ ಕಂಡ್ರೆ ಅಷ್ಟು ತೆಗೆದಿಡು. ಬೇರೆ ಏನೂ ಮುಟ್ಟಬೇಡ."

ಅಂಗಡಿಗೆ ಪಾಸ್‌ಪೋರ್ಟ್ ಫೋಟೋ ತೆಗೆಸಲು ಬರುವವರ ಮೊಡವೆ ಅಳಿಸುವುದರಲ್ಲಿ ಸೂಜಿಯದು ಎತ್ತಿದ ಕೈ. ಕೆನ್ನೆಯಿಂದ ಒಂದಿಷ್ಟು ಚರ್ಮ ಕಾಪಿ ಮಾಡಿ ಮೊಡವೆಯ ಮೇಲೆ ಮೆತ್ತಿದರೆ ಆಯಿತು. ಧೂಳಿನ ಚುಕ್ಕೆಗಳು ಕ್ಷಣದಲ್ಲಿ ಮಂಗಮಾಯವಾದವು. ಆಮೇಲೆ ಅವಳ ಕಣ್ಣು ಕುದುರೆಯ ಮೀಸೆಯ ಮೇಲೆ ಬಿತ್ತು.

ಎಲ್ಲ ಜಗಳದ ಬೇರು ಇದೇ ತಾನೇ? ಇದೇ ಇಲ್ಲದಿದ್ದರೆ?

ಕುದುರೆಯ ಕೆನ್ನೆಯಿಂದ ಒಂದಿಷ್ಟು ಕೆಂಪು ತೆಗೆದಳು. ಮೂತಿಯ ಮೇಲೆ ಮೆತ್ತಿದಳು. ಇನ್ನೊಂದಿಷ್ಟು ಮೆತ್ತಿದಳು. ಕುದುರೆಗೆ ನುಣ್ಣಗೆ ಕ್ಷೌರವಾಯಿತು. ಕೈ ಹೇಗೂ ಮೌಸ್ ಮೇಲಿತ್ತು, ಬಟ್ಟೆ ಹಳದಿಯಾಗಿದೆಯಲ್ಲ ಎಂದು ಬೆಳಕಿನ ಬಟನ್ನನ್ನೂ ಒತ್ತಿದಳು. ಇಡೀ ಚಿತ್ರ ಸೋಪಿನ ಜಾಹೀರಾತಿನ ಹಾಗೆ ಬೆಳ್ಳಗೆ ಹೊಳೆಯಿತು.

ಅಮ್ಮ ಗಿರಾಕಿಯೊಂದಿಗೆ ಇನ್ನೂ ಮಾತಾಡುತ್ತಿದ್ದಳು. ಸೂಜಿ ತಾನೇ ಪ್ರಿಂಟ್ ಕೊಟ್ಟಳು. ಅಂಗಡಿಯ ದೊಡ್ಡ ಮೆಷಿನ್‌ಗೆ ಎಮ್ಮೆ ಎಂದು ಹೆಸರು. ಗುರುಗುಟ್ಟುತ್ತಾ, ತನಗೆ ಇಷ್ಟ ಬಂದಾಗ ಮುಂದಕ್ಕೆ ಹೋಗುತ್ತದೆ. ಆ ದಿನ ಅದಕ್ಕೂ ಏನು ಖುಷಿಯೋ, ಒಂದೇ ಉಸಿರಿಗೆ ಚಿತ್ರ ಹೊರಗೆ ತಳ್ಳಿತು.

ಸೂಜಿ ಅದನ್ನು ಹಿಡಿದುಕೊಂಡು ಮೇಲೆ ಓಡಿದಳು.

ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಯಾರಪ್ಪಾ ಇವನು?" ಎಂದರು.

"ಕುದುರೆ ಅಜ್ಜಿ. ಚಿಕ್ಕಜ್ಜಿ ಕುದುರೆ."

"ಮೀಸೆ ಎಲ್ಲಿ?" ಎಂದರು ಚಿಕ್ಕಜ್ಜಿ. ಪ್ರಿಂಟನ್ನು ತಿರುಗಿಸಿ ಹಿಂದುಗಡೆಯೂ ಹುಡುಕಿದರು. "ನನ್ನ ಕುದುರೆ ಮೀಸೆ ಎಲ್ಲೇ?"

"ನಾನೇ ತೆಗೆದೆ. ಈಗ ನೀಟಾಗಿದೆಯಲ್ಲ? ಇನ್ನು ನೀವು ಜಗಳ ಆಡೋ ಹಾಗೇ ಇಲ್ಲ."

ಅಜ್ಜಿಯ ಮುಖ ಊದಿಕೊಂಡಿತು. "ನಮ್ಮ ಜಗಳಕ್ಕೆ ಕೈ ಹಾಕೋಕೆ ನೀನ್ಯಾರೇ? ಆ ಮೀಸೆ ತೆಗೆದ್ರೆ ಇವಳ ಕುದುರೆಯಲ್ಲಿ ನೋಡೋಕೆ ಇನ್ನೇನಿದೆ?"

"ಅಲ್ವೇ ಮತ್ತೆ!" ಎಂದರು ಚಿಕ್ಕಜ್ಜಿ. ಅಕ್ಕ ತನ್ನನ್ನು ಬೈದಿದ್ದು ಅವರಿಗೆ ಹೊಳೆಯಲೇ ಇಲ್ಲ. "ಇಷ್ಟು ವರ್ಷ ಅಕ್ಕನ್ನ ಬೈದಿದ್ದೆಲ್ಲ ಸುಳ್ಳು ಅಂತಾಗಲ್ವಾ? ನೋಡಿದವರು ಏನಂತಾರೆ? ಈ ಮುದುಕಿ ಸುಮ್ಮಸುಮ್ಮನೆ ಬೈತಿದ್ಲು ಅನ್ನಲ್ವಾ?"

ಅಮ್ಮ ಬಂದು ನಿಂತಿದ್ದು ಸೂಜಿಗೆ ಗೊತ್ತಾಗಿದ್ದು ಕಿವಿ ಹಿಂಡಿಸಿಕೊಂಡಾಗ.

"ಏನು ಮುಟ್ಟಬೇಡ ಅಂದಿದ್ದೆ?"

"ಚಂದ ಕಾಣ್ಲಿ ಅಂತ..."

"ಚಂದ ಮಾಡು ಅಂತ ನಮ್ಮನ್ನ ಯಾರು ಕೇಳಿದ್ರು? ಅದು ಹೇಗಿದೆಯೋ ಹಾಗೇ ಬರಬೇಕು. ಹಳದಿ ಇದ್ರೆ ಹಳದಿ, ಮೀಸೆ ಇದ್ರೆ ಮೀಸೆ." ಅಮ್ಮನಿಗೆ ನಿಜವಾಗಲೂ ಸಿಟ್ಟು ಬಂದಿತ್ತು. "ದಪ್ಪ ಹತ್ತಿ ಕಾಗದ ಒಂದು ಹಾಳೆ ದಂಡ. ನಾಳೆಯಿಂದ ಕೆಂಪು ಹೊಂದಿಸೋ ಕೆಲಸ ನಿಂದು. ಸರಿ ಬರೋವರೆಗೂ ಅಂಗಡಿ ಕಿಟಕಿ ಬಿಟ್ಟು ಏಳೋ ಹಾಗಿಲ್ಲ."

*

ಕೆಂಪು ಹೊಂದಿಸುವುದು ಇಷ್ಟು ಗೋಳಿನ ಕೆಲಸ ಎಂದು ಗೊತ್ತಿದ್ದರೆ ಸೂಜಿ ಕುದುರೆಯ ಮೀಸೆಗೆ ಎಣ್ಣೆ ಹಚ್ಚಿ ತೀಡಿ ಬಿಡುತ್ತಿದ್ದಳು.

ಅಮ್ಮ ಉದುರದೆ ಉಳಿದ ಕುದುರೆಯ ಬೆನ್ನಿನಷ್ಟು ಭಾಗವನ್ನು ಮಾತ್ರ ಕಾಗದದ ಪಟ್ಟಿಗಳ ಮೇಲೆ ಪ್ರಿಂಟ್ ಮಾಡಿಕೊಡುತ್ತಿದ್ದಳು. ಸೂಜಿ ಪಟ್ಟಿಯನ್ನು ಅಸಲು ಕುದುರೆಯ ಪಕ್ಕ ಹಿಡಿದು ನೋಡಬೇಕು.

"ಇದು ಸರಿ!" ಎಂದಳು ಮೊದಲ ಪಟ್ಟಿಗೆ.

"ಇನ್ನೂ ಒದ್ದೆ ಇದೆ. ಒಣಗಲಿ ಇರು," ಎಂದಳು ಅಮ್ಮ.

ಒಣಗಿದ ಮೇಲೆ ಅದು ಟೊಮೆಟೊ ಆಗಿತ್ತು. ಮುಂದಿನದು ಇಟ್ಟಿಗೆ. ಅದರ ಮುಂದಿನದನ್ನು ಅಮ್ಮ ಟ್ಯೂಬ್‌ಲೈಟಿನ ಕೆಳಗೆ ನೋಡಿ ಪರವಾಗಿಲ್ಲ ಎಂದಳು. ಕಿಟಕಿಯ ಹತ್ತಿರ ತಂದರೆ ಅದೇ ಪಟ್ಟಿ ಬೇರೆಯೇ ಬಣ್ಣ!

"ಅಮ್ಮ, ಇದು ಮೋಸ!"

"ಮೋಸ ಅಲ್ಲ ಕಣೇ. ಒಂದೊಂದು ಬೆಳಕಲ್ಲಿ ಒಂದೊಂದು ಥರ ಕಾಣುತ್ತೆ. ಅಸಲು ಬಣ್ಣಕ್ಕೂ ಇಂಕಿಗೂ ಅಷ್ಟು ಸುಲಭಕ್ಕೆ ಹೊಂದಲ್ಲ. ಹಗಲು ಬೆಳಕಲ್ಲಿ ಹೊಂದಿಸು, ಉಳಿದಿದ್ದು ಆಮೇಲೆ."

ಇಬ್ಬರು ಅಜ್ಜಿಯರೂ ಕುರ್ಚಿ ಎಳೆದುಕೊಂಡು ಬಂದು ಕಾವಲು ಕೂತರು. ಕೆಂಗಲ್ಲು ಯಾರು ಹೆಚ್ಚು ಅರೆದಿದ್ದು ಎಂದು ಒಂದು ಜಗಳ. ತಂಗಿಯ ಪಾಲಿನದನ್ನೂ ತಾನೇ ಅರೆದೆ ಎಂದು ಅಕ್ಕ. ಅಕ್ಕ ಅರೆಯುತ್ತಾ ಅಲ್ಲೇ ನಿದ್ದೆ ಹೋಗಿ ಮೂಗಿಗೆ ಕೆಂಪು ಮೆತ್ತಿಕೊಂಡಿದ್ದಳು ಎಂದು ತಂಗಿ. ಕೆಂಪು ಮೂಗಿನಲ್ಲೇ ಸ್ಕೂಲಿಗೆ ಹೋಗಿದ್ದಳು ಎಂದೂ ಸೇರಿಸಿದರು. ಅಜ್ಜಿ ಬೈಯಲು ಬಾಯಿ ತೆರೆದವರು ನಕ್ಕುಬಿಟ್ಟರು. ಚಿಕ್ಕಜ್ಜಿಯೂ ನಕ್ಕರು. ಇಬ್ಬರೂ ನಕ್ಕು ನಕ್ಕು ಕೆಮ್ಮು ಹತ್ತಿ, ನೀರು ಯಾರು ಮೊದಲು ಕುಡಿಯಬೇಕೆಂದು ಮತ್ತೆ ಜಗಳವಾಯಿತು.

ಸೂಜಿ ಪಟ್ಟಿಗಳ ನಡುವೆ ಮುಳುಗಿದ್ದಳು. ಈಗ ಅವಳಿಗೆ ಹಟ ಹಿಡಿದಿತ್ತು. ಒಂದಕ್ಕೆ ಹಳದಿ ಜಾಸ್ತಿ, ಇನ್ನೊಂದಕ್ಕೆ ಕಪ್ಪು ಕಮ್ಮಿ ಎಂದು ಅಮ್ಮನಿಗೇ ಆರ್ಡರ್ ಮಾಡತೊಡಗಿದಳು. ಕೊನೆಗೆ ಒಂದು ಪಟ್ಟಿ ಬಂತು. ಒಣಗಿಸಿ, ಕಿಟಕಿಯ ಹತ್ತಿರ ತಂದು ಕುದುರೆಯ ಬೆನ್ನಿನ ಪಕ್ಕ ಇಟ್ಟಳು. ಪಟ್ಟಿ ಕಾಣಲೇ ಇಲ್ಲ! ಕುದುರೆ ಎಲ್ಲಿ ಮುಗಿಯಿತು, ಕಾಗದ ಎಲ್ಲಿ ಶುರುವಾಯಿತು ಎಂದು ಬೆರಳಿನಿಂದ ಮುಟ್ಟಿ ಹುಡುಕಬೇಕಾಯಿತು.

"ಅಮ್ಮಾ!"

ಅಮ್ಮ ಬಂದು ನೋಡಿದಳು. ಪಟ್ಟಿಯ ಅಂಚು ಎಲ್ಲಿದೆ ಎಂದು ತಾನೂ ಬೆರಳಾಡಿಸಿ ಹುಡುಕಿದಳು. ಆಮೇಲೆ ಅದೇ ಕಿವಿಯನ್ನು, ಈ ಸಲ ಮೆಲ್ಲಗೆ, ಹಿಂಡಿದಳು. ಪಟ್ಟಿಯನ್ನು ಕಿಟಕಿಯ ಗಾಜಿಗೆ ಟೇಪಿನಿಂದ ಅಂಟಿಸಿದಳು. "ಎಮ್ಮೆಗೆ ಹೇಳು, ಇದೇ ಕೆಂಪು ಅಂತ."

*

ಮರುದಿನ ಬೆಳಿಗ್ಗೆ ಅಮ್ಮ, ಸೂಜಿ ಸೇರಿ ಅಸಲು ಚಿತ್ರ ಮತ್ತು ಪ್ರಿಂಟ್ ಎರಡನ್ನೂ ಮೇಲೆ ಮನೆಯ ಕಿಟಕಿಯ ಪಕ್ಕದ ಗೋಡೆಗೆ ಒಟ್ಟಿಗೆ ತೂಗುಹಾಕಿದರು. ಅಜ್ಜಿಯರನ್ನು ಕರೆದರು.

ಮೀಸೆ ಎರಡು ಕಡೆಯೂ ಇತ್ತು. ಹಳದಿ ಬಟ್ಟೆ ಎರಡು ಕಡೆಯೂ ಹಳದಿಯೇ. ಉದುರಿಹೋದ ಬೆನ್ನೂ ಎರಡು ಕಡೆ ಉದುರಿತ್ತು.

ಚಿಕ್ಕಜ್ಜಿ ಹತ್ತಿರ ಹೋಗಿ, "ಅಯ್ಯೋ, ಇಲ್ಲಿ ಇನ್ನೊಂದು ಚೂರು ಏಳ್ತಿದೆ, ಯಾರೂ ಉಸಿರು ಬಿಡಬೇಡಿ," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಅವರು ತೋರಿಸಿದ್ದು ಪ್ರಿಂಟನ್ನು.

ಸೂಜಿ ಅಮ್ಮನ ಕಡೆ ನೋಡಿದಳು. ಅಮ್ಮನ ಮುಖ ಅರಳಿತ್ತು. ಸೂಜಿಗೆ ತನ್ನ ಕೆಂಪಿನ ಬಗ್ಗೆ ಎದೆ ಉಬ್ಬಿತು.

"ಗೊತ್ತಾಗಲ್ಲ ಅಲ್ವಾ? ಇನ್ನೇನು, ಚೀಟಿ ಎತ್ತೋಣ," ಎಂದಳು ಅಮ್ಮ. "ಯಾರಿಗೆ ಯಾವುದು ಬರುತ್ತೋ ಅದು ಅವರದ್ದು. ಇನ್ನು ಯಾರೂ ಯಾರ ಮನೆಗೂ ಹೊತ್ತುಕೊಂಡು ಅಲೆಯೋ ಹಾಗಿಲ್ಲ."

"ಹೂಂ," ಎಂದರು ಅಜ್ಜಿ.

"ಸರಿ," ಎಂದರು ಚಿಕ್ಕಜ್ಜಿ.

ಅಷ್ಟೇ. ಜಗಳ ಬರಲಿಲ್ಲ. ಸೂಜಿ ಕಾದಳು. ಆದರೂ ಬರಲಿಲ್ಲ.

ಅಮ್ಮ ಟೀ ತಂದಳು. ಇಬ್ಬರೂ ಕುಡಿದರು. ಸಕ್ಕರೆ ಹೆಚ್ಚಾಯಿತು ಎಂದು ಯಾರೂ ಹೇಳಲಿಲ್ಲ. ಸಕ್ಕರೆ ನಿಜಕ್ಕೂ ಹೆಚ್ಚಾಗಿತ್ತು.

"ನಿನಗೂ ಬಸ್ಸಲ್ಲಿ ಒದ್ದಾಡೋದು ತಪ್ಪಿತು," ಎಂದರು ಅಜ್ಜಿ, ಲೋಟದೊಳಗೆ ನೋಡುತ್ತಾ.

"ಹೌದಕ್ಕ. ಸೊಂಟ ಉಳೀತು. ನಿನಗೂ ಆ ಮಂಡಿ ಇಟ್ಕೊಂಡು ಬರೋದು ಬೇಡ."

"ಬೇಡ."

"ಬಟ್ಟೆ ತುಂಬಿಕೋಬೇಕು," ಎಂದು ಚಿಕ್ಕಜ್ಜಿ ಎದ್ದರು. ಹಾಗೇ ನಿಂತರು. ಅವರ ಬ್ಯಾಗು ಎಲ್ಲಿದೆ ಎಂದು ಅವರಿಗೆ ಗೊತ್ತಿತ್ತು, ಆದರೂ ಸುತ್ತ ಹುಡುಕುವವರ ಹಾಗೆ ನೋಡಿದರು.

ಮನೆ ತಣ್ಣಗಿತ್ತು. ಸೂಜಿ ಇಷ್ಟು ದಿನ ಬೇಡಿಕೊಂಡಿದ್ದು ಇದನ್ನೇ. ಈಗ ಸಿಕ್ಕಿತ್ತು, ಆದರೆ ಅವಳಿಗೆ ಅಳು ಬರುವ ಹಾಗಾಯಿತು. ರಾತ್ರಿ ಫ್ಯಾನ್ ಬೇಕು ಎನ್ನುವವರು ಇರುತ್ತಾರೆ. ಬೇಡ ಎನ್ನುವವರು ಅರ್ಧ ದಿನದ ದಾರಿಯ ಆಚೆ ಇರುತ್ತಾರೆ. ಮುಂದಿನ ರಜೆಯಲ್ಲೂ. ಅದರ ಮುಂದಿನ ರಜೆಯಲ್ಲೂ.

ಚಿಕ್ಕಜ್ಜಿ ಬಾಗಿಲವರೆಗೆ ಹೋದವರು ತಿರುಗಿದರು. ಗೋಡೆಯ ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದರು.

"ಅಕ್ಕ," ಎಂದರು ಮೆಲ್ಲಗೆ, "ಈ ಕೆಂಪು ಸರಿಯಾಗಿದೆಯಾ?"

ಅಜ್ಜಿ ಲೋಟ ಕೆಳಗಿಟ್ಟರು. ಎದ್ದು ಬಂದರು. ಮಂಡಿಯ ನೆನಪೇ ಇರಲಿಲ್ಲ. "ನಾನೂ ಅದನ್ನೇ ಅನ್ಕೋತಿದ್ದೆ. ಸರಿಯಾಗಿಲ್ಲ."

"ಒಂಚೂರೂ ಸರಿಯಾಗಿಲ್ಲ."

"ಎಲ್ಲಿಯ ಕೆಂಗಲ್ಲು, ಎಲ್ಲಿಯ ಈ ಕೆಂಪು!"

ಸೂಜಿ ಬೆಚ್ಚಿಬಿದ್ದು ನೋಡಿದಳು. ಮೀಸೆಯ ವಿಷಯ ಬಿಟ್ಟರೆ ಇಬ್ಬರು ಒಂದೇ ಮಾತಿಗೆ ಹೀಗೆ ಒಪ್ಪಿದ್ದನ್ನು ಅವಳು ಕಂಡಿರಲಿಲ್ಲ.

ಅಮ್ಮನಿಗೆ ತಡೆಯಲಾಗಲಿಲ್ಲ. "ಏನು ಸರಿಯಾಗಿಲ್ಲ ಚಿಕ್ಕಮ್ಮ? ನೀವೇ ಈಗ ಪ್ರಿಂಟ್ ನೋಡಿ ಚೂರು ಏಳ್ತಿದೆ ಅಂದ್ರಲ್ಲ! ಕೆಳಗೆ ಅಂಗಡಿ ಕಿಟಕಿ ಮೇಲೆ ಪಟ್ಟಿ ಇದೆ, ಬೇಕಿದ್ರೆ ಹೋಲಿಸಿ..."

ಸೂಜಿ ಅಮ್ಮನ ಕಾಲನ್ನು ತುಳಿದಳು. ಜೋರಾಗಿಯೇ ತುಳಿದಳು.

"ಹೌದಜ್ಜಿ, ಸರಿಯಾಗಿಲ್ಲ," ಎಂದಳು. "ಇನ್ನೂ ಹೊಂದಿಸಬೇಕು."

ಅಮ್ಮ ಕಾಲು ಹಿಡಿದುಕೊಂಡು ಮಗಳ ಮುಖ ನೋಡಿದಳು. ತನ್ನ ಅಮ್ಮನ ಮುಖ ನೋಡಿದಳು. ಚಿಕ್ಕಮ್ಮನ ಮುಖವನ್ನೂ ನೋಡಿದಳು.

"ಕೆಂಪು ಕಷ್ಟದ ಬಣ್ಣ," ಎಂದಳು ಕೊನೆಗೆ. "ಒಂದೇ ಸಲಕ್ಕೆ ಬರೋದಲ್ಲ."

"ಅಸಲು ಇಲ್ಲೇ ಇರಲಿ, ಹೊಂದಿಸೋಕೆ ಬೇಕಲ್ಲ," ಎಂದರು ಚಿಕ್ಕಜ್ಜಿ. "ಈ ಪ್ರಿಂಟನ್ನ ಸದ್ಯಕ್ಕೆ ನಾನು ಒಯ್ತೀನಿ. ಮುಂದಿನ ರಜೆಗೆ ವಾಪಸ್ ತಂದು, ಎದುರಿಗೆ ಕೂತು ಸರಿಮಾಡಿಸ್ತೀನಿ."

"ಅಷ್ಟು ದಿನ ನಿನ್ನ ಕೈಲಿ ಬಿಡ್ಲಾ? ನಿಮ್ಮ ಮನೆ ಬೆಳಕಲ್ಲಿ ಇದು ಹೇಗೆ ಕಾಣುತ್ತೋ ಏನೋ. ಅದಕ್ಕೂ ಮುಂಚೆ ನಾನೇ ಬಂದು ನೋಡ್ತೀನಿ."

"ನೋಡೋಕೆ ಬರ್ತೀಯೋ, ನನ್ನ ಕೈಲಿ ಸೇವೆ ಮಾಡಿಸ್ಕೊಳ್ಳೋಕೆ ಬರ್ತೀಯೋ?"

"ನೀನು ಮಾಡೋ ಸೇವೆ ನನಗೆ ಗೊತ್ತಿಲ್ವಾ? ಹೋದ ಸಲ ಕೊಟ್ಟ ದಿಂಬು ಕಲ್ಲಾಗಿತ್ತು. ತಾ ಆ ಕೊಳವೆ, ನಾನು ಸುತ್ತುತೀನಿ. ನಿನಗೆ ಸುತ್ತೋಕೆ ಬರಲ್ಲ."

"ಬಿಡಕ್ಕ, ನಾನು ಸುತ್ತುತೀನಿ!"

"ನೀನು ಬಿಡೇ!"

ತಗಡಿನ ಕೊಳವೆಯ ಒಂದು ತುದಿಗೆ ಒಬ್ಬರು, ಇನ್ನೊಂದು ತುದಿಗೆ ಇನ್ನೊಬ್ಬರು. ಅಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು.

ಸೂಜಿ ಮಾತ್ರ ಮೆಲ್ಲಗೆ ಕೆಳಗಿಳಿದು ಅಂಗಡಿಗೆ ಹೋದಳು. ಕಿಟಕಿಯ ಗಾಜಿನ ಮೇಲೆ ಅವಳ ಕೆಂಪು ಪಟ್ಟಿ ಬಿಸಿಲಿಗೆ ಮೈಯೊಡ್ಡಿತ್ತು. ಕುದುರೆಯ ಬೆನ್ನಿನಂಥದ್ದೇ ಕೆಂಪು, ಒಂದು ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ಅವಳು ಟೇಪು ಬಿಡಿಸಿ ಅದನ್ನು ತೆಗೆದಳು, ಇನ್ನೊಂದು ಸಲ ನೋಡಿದಳು. ಆಮೇಲೆ ನಾಲ್ಕು ಮಡಿಕೆ ಮಾಡಿ, ಯಾರಿಗೂ ಸಿಗದ ಹಾಗೆ ತನ್ನ ಜೇಬಿನ ತಳಕ್ಕೆ ತುರುಕಿಕೊಂಡಳು.